ಇನ್ನೊಂದು ಪ್ರೊಸೆಸರಿನ ಒರೆಗೆ

ಮುಕ್ತ ತಂತ್ರಾಂಶವೊಂದಕ್ಕೆ ಯಾರಾದರೂ ತಿದ್ದುಪಡಿ ಕಳಿಸಿದರೆ ಅದು ನೇರವಾಗಿ ಒಳಸೇರುವುದಿಲ್ಲ. ಸರ್ವರೊಂದು ಆ ಕೋಡನ್ನು ಕಂಪೈಲ್ ಮಾಡಿ, ಸಾಲು ಸಾಲು ಪರೀಕ್ಷೆಗಳನ್ನು ನಡೆಸಿ, ಪಾಸಾದರೆ ಹಸಿರು, ಇಲ್ಲವಾದರೆ ಕೆಂಪು ಗುರುತು ಹಾಕುತ್ತದೆ. ಈ ವ್ಯವಸ್ಥೆಗೆ ಕಂಟಿನ್ಯುಯಸ್ ಇಂಟಿಗ್ರೇಶನ್, ಬಳಕೆಯ ಮಾತಿನಲ್ಲಿ ಸಿಐ, ಎಂದು ಹೆಸರು. ಈ ಸರ್ವರ್‌ಗಳಲ್ಲಿ ಬಹುಪಾಲು ಇಂಟೆಲ್, ಎಎಂಡಿ ತಯಾರಿಸುವ ಎಕ್ಸ್86 ಜಾತಿಯವು. ಅಲ್ಲಿ ಹಸಿರಾದದ್ದು ಬೇರೆ ಜಾತಿಯ ಪ್ರೊಸೆಸರಿನಲ್ಲಿ ಮುಗ್ಗರಿಸಬಹುದು.

ಐಬಿಎಂ ಮೇನ್‌ಫ್ರೇಮ್‌ಗಳ ಎಸ್390ಎಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ನಾಲ್ಕು ಬೈಟ್‌ಗಳಲ್ಲಿ 1 ಎಂಬ ಸಂಖ್ಯೆಯನ್ನು ಇಡುವಾಗ ಎಕ್ಸ್86 ಕಿರಿಯ ಬೈಟನ್ನು ಮೊದಲು ಇಡುತ್ತದೆ, ಎಸ್390ಎಕ್ಸ್ ಹಿರಿಯದನ್ನು. ಮೊದಲನೆಯದು ಲಿಟಲ್ ಎಂಡಿಯನ್, ಎರಡನೆಯದು ಬಿಗ್ ಎಂಡಿಯನ್. ಮೆಮೊರಿಯಲ್ಲಿದ್ದುದನ್ನು ಇದ್ದಂತೆಯೇ ಫೈಲಿಗೆ ಬರೆಯುವ ಪ್ರೋಗ್ರಾಂ ಇದ್ದರೆ, ಒಂದು ಯಂತ್ರ ಬರೆದ 1 ಇನ್ನೊಂದರಲ್ಲಿ 16777216 ಆಗಿ ಓದಿಸಿಕೊಳ್ಳುತ್ತದೆ. ಸಿ ಭಾಷೆಯ ‘ಚಾರ್’ ಎಂಬ ದತ್ತಾಂಶದ ಬಗೆ ಕೂಡ ಹೀಗೆಯೇ: ಎಕ್ಸ್86 ಲಿನಕ್ಸ್‌ನಲ್ಲಿ ಅದು ಋಣ ಸಂಖ್ಯೆಯನ್ನು ಹಿಡಿದಿಡುತ್ತದೆ, ಎಸ್390ಎಕ್ಸ್ ಮತ್ತು ಆರ್ಮ್ ಜಾತಿಯ ಪ್ರೊಸೆಸರುಗಳ ಲಿನಕ್ಸ್‌ನಲ್ಲಿ ಇಲ್ಲ. ಫೈಲ್ ಮುಗಿಯಿತೆಂಬ -1ನ್ನು ಚಾರ್‌ನಲ್ಲಿಟ್ಟು ಹೋಲಿಸುವ ಲೂಪ್ ಅಲ್ಲಿ ನಿಲ್ಲುವುದೇ ಇಲ್ಲ.

ಮೇನ್‌ಫ್ರೇಮ್ ಯಾರ ಮನೆಯಲ್ಲೂ ಇರುವುದಿಲ್ಲವಲ್ಲ. ಇಲ್ಲಿ ನೆರವಾಗುವುದು ಫ್ಯಾಬ್ರಿಸ್ ಬೆಲ್ಲಾರ್ ರೂಪಿಸಿದ ಕ್ಯೂಎಮು ಎಂಬ ಎಮ್ಯುಲೇಟರ್. ಅದು ಒಂದು ಪ್ರೊಸೆಸರಿನ ಆಜ್ಞೆಗಳನ್ನು ಇನ್ನೊಂದರ ಆಜ್ಞೆಗಳಿಗೆ ಓಡುತ್ತಲೇ ಮಾರ್ಪಡಿಸುತ್ತದೆ. ಲಿನಕ್ಸ್‌ನ ಪ್ರತಿ ಪ್ರೋಗ್ರಾಂ ಫೈಲಿನ ಆರಂಭದಲ್ಲಿ ಅದು ಯಾವ ಜಾತಿಯ ಪ್ರೊಸೆಸರಿಗೆ ಸೇರಿದ್ದೆಂಬ ಸಂಖ್ಯೆ ಇರುತ್ತದೆ. ಎಸ್390ಎಕ್ಸ್‌ಗೆ 22, 64 ಬಿಟ್ ಆರ್ಮ್‌ಗೆ 183. ಬಿನ್‌ಫಾರ್ಮ್ಯಾಟ್-ಮಿಸ್ಕ್ ಎಂಬ ಸೌಲಭ್ಯದ ಮೂಲಕ ಕರ್ನೆಲ್ ಆ ಗುರುತನ್ನು ನೋಡಿ ಫೈಲನ್ನು ಕ್ಯೂಎಮುವಿನ ಕೈಗೆ ಕೊಡುತ್ತದೆ. ಪರೀಕ್ಷೆ ನಡೆಸುವ ಸ್ಕ್ರಿಪ್ಟ್‌ಗೆ ಈ ಕೈಬದಲು ತಿಳಿಯುವುದೇ ಇಲ್ಲ. ಇಡೀ ಏರ್ಪಾಟಿನಲ್ಲಿ ಅತಿ ಸೊಗಸಾದ ಭಾಗ ಇದೇ.

ಇದಕ್ಕೆ ತೆರಬೇಕಾದ ಬೆಲೆ ವೇಗ. ಎಮ್ಯುಲೇಟರಿನಲ್ಲಿ ಕೆಲಸ ಹಲವು ಪಟ್ಟು ನಿಧಾನ. ಆದ್ದರಿಂದ ಅನುಭವಿಗಳು ಕ್ರಾಸ್ ಕಂಪೈಲರ್ ಬಳಸುತ್ತಾರೆ: ಎಕ್ಸ್86ನಲ್ಲೇ ಕುಳಿತು ಎಸ್390ಎಕ್ಸ್‌ಗೆ ಬೇಕಾದ ಫೈಲನ್ನು ತಯಾರಿಸಿ, ಪರೀಕ್ಷೆಯನ್ನು ಮಾತ್ರ ಕ್ಯೂಎಮುವಿನಲ್ಲಿ ಓಡಿಸುತ್ತಾರೆ. ಕಾಲಮಿತಿಗಳನ್ನು ಸಡಿಲಿಸುತ್ತಾರೆ.

ಎಮ್ಯುಲೇಟರಿಗೆ ಸಿಗದ ದೋಷಗಳೂ ಉಂಟು. ಪ್ರೊಸೆಸರಿನ ಒಂದು ಕೋರ್ ಮೊದಲು ದತ್ತಾಂಶವನ್ನೂ ಆಮೇಲೆ ‘ಸಿದ್ಧ’ ಎಂಬ ಗುರುತನ್ನೂ ಬರೆದರೆ, ಎಕ್ಸ್86ನಲ್ಲಿ ಇನ್ನೊಂದು ಕೋರ್‌ಗೆ ಅವು ಅದೇ ಕ್ರಮದಲ್ಲಿ ಕಾಣುತ್ತವೆ. ಆರ್ಮ್‌ನಲ್ಲಿ ಆ ಖಾತರಿಯಿಲ್ಲ. ಬೇಕೆಂದರೆ ಕೋಡಿನಲ್ಲೇ ಕೇಳಿ ಪಡೆಯಬೇಕು. ಎಕ್ಸ್86 ಮೇಲೆ ಕುಳಿತ ಕ್ಯೂಎಮುವಿನಲ್ಲಿ ಈ ಕ್ರಮಭಂಗ ಸಾಮಾನ್ಯವಾಗಿ ಕಾಣಿಸದು. ಅದಕ್ಕೆ ನಿಜವಾದ ಯಂತ್ರವೇ ಆಗಬೇಕು. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಓಪನ್ ಸೋರ್ಸ್ ಲ್ಯಾಬ್ ಮುಕ್ತ ಯೋಜನೆಗಳಿಗೆ ಪವರ್ ಮತ್ತು ಆರ್ಮ್ ಜಾತಿಯ ಯಂತ್ರಗಳನ್ನು ಬಳಕೆಗೆ ಕೊಡುತ್ತ ಬಂದಿದೆ. ಗಿಟ್‌ಹಬ್ 2025ರ ಜನವರಿಯಲ್ಲಿ ಸಾರ್ವಜನಿಕ ಯೋಜನೆಗಳಿಗೆ ಆರ್ಮ್ ಸರ್ವರ್‌ಗಳನ್ನು ಉಚಿತವಾಗಿ ತೆರೆಯಿತು.

ಹೊಸ ಪ್ರೊಸೆಸರನ್ನು ಸೇರಿಸಿದ ದಿನ ಪರದೆ ಕೆಂಪಾಗುವುದು ಸಹಜ. ತಾಳ್ಮೆಯ ಕೆಲಸ ಶುರುವಾಗುವುದು ಆಗಲೇ. ತಪ್ಪು ಕೋಡಿನದೋ, ಪರೀಕ್ಷೆಯದೋ, ಎಮ್ಯುಲೇಟರಿನದೋ ಎಂದು ಒಂದೊಂದನ್ನೇ ಲಾಗ್‌ನಲ್ಲಿ ಬಿಡಿಸಿ ನೋಡಬೇಕು. ಸಂಬಳವಿಲ್ಲದೆ, ಬಿಡುವಿನ ಹೊತ್ತಿನಲ್ಲಿ ಇದನ್ನು ಮಾಡುವವರು ಅನೇಕರು. ಈ ಕೆಲಸ ಮುಗಿಯುವವರೆಗೆ ಹೊಸ ಪ್ರೊಸೆಸರಿನ ಪರೀಕ್ಷೆ ಸೋತರೂ ತಿದ್ದುಪಡಿಯನ್ನು ತಡೆಯದಂತೆ ರಿಯಾಯಿತಿ ಕೊಟ್ಟಿರುತ್ತಾರೆ. ಹಸಿರು ಸ್ಥಿರವಾದ ಮೇಲೆ ಆ ರಿಯಾಯಿತಿಯನ್ನು ತೆಗೆದುಹಾಕುತ್ತಾರೆ. ಎಸ್390ಎಕ್ಸ್‌ನಲ್ಲಿ ಸೋತ ಯಾವ ತಿದ್ದುಪಡಿಗೂ ಆಮೇಲೆ ಒಳಗೆ ಪ್ರವೇಶವಿಲ್ಲ.