ಆನುವಂಶಿಕ ಬಾವಿನ ರೋಗ: ತಡೆಯುವ ಮದ್ದು, ಇಳಿಸುವ ಮದ್ದು

ಒಂದೇ ಮನೆತನದ ಐದು ತಲೆಮಾರುಗಳಲ್ಲಿ ಕಾಣಿಸಿಕೊಂಡ ವಿಚಿತ್ರವಾದ ಬಾವೊಂದನ್ನು ವಿಲಿಯಂ ಆಸ್ಲರ್ ಮಹಾಶಯರು ೧೮೮೮ರಲ್ಲಿ ವರ್ಣಿಸಿದರು. ಮುಖ, ಕೈಕಾಲು, ಕರುಳು ಹೀಗೆ ಎಲ್ಲಿಯಾದರೂ ಅದು ಏಳುವುದುಂಟು, ತುರಿಕೆಯಿಲ್ಲ, ಎರಡರಿಂದ ಐದು ದಿನಗಳಲ್ಲಿ ತಾನಾಗಿಯೇ ಇಳಿಯುವುದು. ಕರುಳಿನ ಬಾವನ್ನು ಬೇರೆ ರೋಗವೆಂದು ಬಗೆದು ಹೊಟ್ಟೆಯನ್ನು ಕೊಯ್ದದ್ದೂ ಉಂಟು. ಗಂಟಲಿನಲ್ಲಿ ಎದ್ದರೆ ಉಸಿರು ಕಟ್ಟಿ ಮರಣ ಸಂಭವಿಸಬಹುದು.

ರೋಗಿಗಳ ರಕ್ತದಲ್ಲಿ ಸಿ-೧ ಇನ್‌ಹಿಬಿಟರ್ ಎಂಬ ಪ್ರೋಟೀನಿನ ಕೊರತೆಯಿರುವುದನ್ನು ೧೯೬೩ರಲ್ಲಿ ಡೊನಾಲ್ಡ್‌ಸನ್ ಮತ್ತು ಇವಾನ್ಸ್ ಎಂಬವರು ತೋರಿಸಿದರು. ಕಲ್ಲಿಕ್ರೀನ್ ಎಂಬ ಕಿಣ್ವಕ್ಕೆ ಕಡಿವಾಣವಾಗಿರುವುದು ಈ ಪ್ರೋಟೀನೇ. ಅದು ಸಾಲದಾದಾಗ ಬ್ರಾಡಿಕೈನಿನ್ ಮಿತಿಮೀರಿ ಹುಟ್ಟಿ, ರಕ್ತನಾಳಗಳಿಂದ ದ್ರವವು ಒಸರುತ್ತದೆ. ಅಲರ್ಜಿಯ ಬಾವಿಗಾದರೋ ಮುಖ್ಯ ಕಾರಣ ಹಿಸ್ಟಮಿನ್. ಆದುದರಿಂದಲೇ ಅಲರ್ಜಿಗೆ ಕೊಡುವ ಅಡ್ರಿನಲಿನ್, ಸ್ಟಿರಾಯ್ಡು ಮೊದಲಾದುವು ಇಲ್ಲಿ ಫಲಿಸವು. ಈ ಭೇದವನ್ನರಿಯದ ಕಡೆ ಗಂಟಲು ಬಿಗಿದವನ ಅಮೂಲ್ಯವಾದ ಗಳಿಗೆಗಳು ವ್ಯರ್ಥವಾಗುತ್ತವೆ.

ಬಾವೆದ್ದಾಗ ಇಳಿಸುವುದಕ್ಕೆ ದಾನದ ರಕ್ತದಿಂದ ತೆಗೆದ ಸಿ-೧ ಇನ್‌ಹಿಬಿಟರನ್ನು ರಕ್ತನಾಳಕ್ಕೆ ಕೊಡುವರು. ಇಲ್ಲವೆ ಬ್ರಾಡಿಕೈನಿನ್ನನ್ನು ತಡೆಯುವ ಇಕಾಟಿಬಂಟನ್ನು ಚರ್ಮದ ಕೆಳಗೆ ಚುಚ್ಚುವರು. ಏಳದಂತೆ ತಡೆಯುವುದಕ್ಕೆ ೧೯೭೬ರ ಪ್ರಯೋಗವೊಂದರಿಂದ ಡನಜಾಲ್ ಹೆಸರಾಯಿತು. ಅಗ್ಗದ ಮದ್ದು ನಿಜ. ಆದರೆ ಯಕೃತ್ತಿಗೆ ಕೇಡು, ಹೆಂಗಸರಲ್ಲಿ ಗಂಡುಲಕ್ಷಣಗಳು, ಗರ್ಭಿಣಿಗೆ ಸಲ್ಲದು. ನಮ್ಮ ದೇಶದ ರೋಗಿಗಳು ಬಹುಕಾಲ ಇದನ್ನೂ ಟ್ರನೆಕ್ಸಾಮಿಕ್ ಆಮ್ಲವನ್ನೂ ನೆಚ್ಚಿಕೊಂಡಿದ್ದರು. ೨೦೧೮ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲನಡೆಲುಮಾಬ್ ಕಲ್ಲಿಕ್ರೀನನ್ನೇ ಹಿಡಿದು ನಿಲ್ಲಿಸುವ ಪ್ರತಿಕಾಯ. ೨೬ ವಾರಗಳ ಪ್ರಯೋಗದಲ್ಲಿ ಎರಡು ವಾರಕ್ಕೊಮ್ಮೆ ೩೦೦ ಮಿಲಿಗ್ರಾಂ ಪಡೆದವರಲ್ಲಿ, ಹುಸಿಮದ್ದು ಪಡೆದವರಿಗಿಂತ ಬಾವುಗಳು ಶೇಕಡಾ ೮೭ರಷ್ಟು ಕಡಮೆಯಾದುವು.

ಆದರೆ ಇದು ಸರಾಸರಿಯ ಲೆಕ್ಕ. ಸರಾಸರಿಯು ಯಾವ ಒಬ್ಬನ ಗಂಟಲನ್ನೂ ಕಾಯುವುದಿಲ್ಲವೆಂಬುದನ್ನು ನಾವು ಮರೆಯಲಾಗದು. ತಡೆಯುವ ಮದ್ದನ್ನು ತಪ್ಪದೆ ಪಡೆಯುವವನೂ ಕನಿಷ್ಠಪಕ್ಷ ಎರಡು ಬಾವುಗಳಿಗಾಗುವಷ್ಟು ಇಳಿಸುವ ಮದ್ದನ್ನು ಸದಾ ಬಳಿಯಲ್ಲಿಟ್ಟುಕೊಳ್ಳಬೇಕೆಂದು ೨೦೨೧ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಿಧಿಸುತ್ತದೆ. ವ್ಯವಹಾರದಲ್ಲಿ ತೊಡಕು ಮದ್ದಿಗಿಂತ ಮನಸ್ಸಿನಲ್ಲಿದೆ. ಕೈಗೆ ಮದ್ದು ದೊರೆತ ರೋಗಿಯೂ ಸೂಜಿಗೆ ಅಂಜಿ, ಅದರ ಬೆಲೆಯನ್ನು ನೆನೆದು, ‘ಇದು ಸಣ್ಣದಿರಬಹುದು’ ಎಂದು ಕಾಯುತ್ತಾನೆ. ಮೊದಲ ಗಳಿಗೆಯಲ್ಲಿ ಬಾವು ಸಣ್ಣದೋ ದೊಡ್ಡದೋ ಎಂದು ಬಲ್ಲವರಾರು? ಬೇಗ ಕೊಟ್ಟಷ್ಟೂ ಬೇಗ ಇಳಿಯುವುದು. ಬಾಯಿಂದ ನುಂಗಬಹುದಾದ ಸೆಬೆಟ್ರಾಲ್‌ಸ್ಟಾಟ್ ಗುಳಿಗೆಗೆ ಅಮೆರಿಕದಲ್ಲಿ ೨೦೨೫ರಲ್ಲಿ ಅನುಮತಿ ದೊರೆತದ್ದರಿಂದ ಸೂಜಿಯ ಅಂಜಿಕೆಯಾದರೂ ನೀಗಬಹುದು; ಬೆಲೆಯ ಮಾತು ಬೇರೆ.

ರೋಗಿಯ ಪ್ರತಿಯೊಂದು ಮಗುವಿಗೂ ಇದು ಬರುವ ಸಂಭವ ಅರ್ಧದಷ್ಟು. ಮಕ್ಕಳ ರಕ್ತವನ್ನು ಪರೀಕ್ಷಿಸುವುದು ಅಗತ್ಯ. ಸುಮಾರು ನಾಲ್ವರಲ್ಲಿ ಒಬ್ಬ ರೋಗಿಗೆ ಮನೆತನದ ಹಿನ್ನೆಲೆಯೇ ಇರದು. ಹಲ್ಲು ಕೀಳಿಸುವ ಮುನ್ನ ವೈದ್ಯನಿಗೆ ತಿಳಿಸಬೇಕಾದದ್ದೂ ಇವರೇ, ಏಕೆಂದರೆ ಆ ಚಿಕ್ಕ ಶಸ್ತ್ರಕ್ರಿಯೆಯೇ ಗಂಟಲಿನ ಬಾವನ್ನು ಎಬ್ಬಿಸಬಲ್ಲದು.