ಆಮೆಯ ಮೊಟ್ಟೆ ಕಣ್ಣಿಗೆ ಬಿದ್ದಾಗ

ಕಾವಿಗೆ ಕುಳಿತ ಕೋಳಿಯನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಅದು ದಿನದಲ್ಲಿ ಹಲವು ಬಾರಿ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತದೆ. ಹಾಗೆ ಮಾಡದಿದ್ದರೆ ಒಳಗಿನ ಭ್ರೂಣವು ಪೊರೆಗೆ ಅಂಟಿಕೊಂಡು ಸಾಯುವ ಭಯವಿದೆ. ಆಮೆಯ ಮೊಟ್ಟೆಯ ವಿಷಯ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಭ್ರೂಣವು ಚಿಪ್ಪಿನ ಮೇಲ್ಭಾಗದ ಒಳಗೆ ಅಂಟಿಕೊಂಡೇ ಬೆಳೆಯಬೇಕು. ಮೊಟ್ಟೆಯಿಟ್ಟು ಸುಮಾರು ಒಂದು ದಿನ ಕಳೆದ ಮೇಲೆ ಅದನ್ನು ಮಗುಚಿದರೆ ಮರಿಯ ಪ್ರಾಣಕ್ಕೇ ಅಪಾಯ. ಒಳ್ಳೆಯ ಮನಸ್ಸಿನಿಂದ ಎತ್ತಿ ತಿರುಗಿಸಿ ನೋಡುವ ಕೈಯೇ ಅದರ ಮೊದಲ ಶತ್ರುವಾಗಬಹುದು.

ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ 'ಬಾಕ್ಸ್ ಆಮೆ' ಎಂಬ ಜಾತಿಯೊಂದಿದೆ. ಅದರ ಎದೆಚಿಪ್ಪಿನ ನಡುವೆ ಕೀಲಿನಂತಹ ಜೋಡಣೆಯಿದೆ. ಅಪಾಯ ಕಂಡೊಡನೆ ತಲೆ, ಕಾಲುಗಳನ್ನು ಒಳಗೆಳೆದುಕೊಂಡು ಕರಡಿಗೆಯಂತೆ ಮುಚ್ಚಿಕೊಳ್ಳುತ್ತದೆ. ಅಲ್ಲಿನ ಕೆಲವು ಮನೆಗಳಲ್ಲಿ ಇದನ್ನು ಸಾಕುವುದುಂಟು. ಒಂಟಿಯಾಗಿ ಬೆಳೆದ ಹೆಣ್ಣಾಮೆ ಆಹಾರ ಬಿಟ್ಟು, ಚಡಪಡಿಸುತ್ತ ತಿರುಗಾಡಿ, ಒಂದು ಸಂಜೆ ಹಿಂಗಾಲುಗಳಿಂದ ಗುಳಿ ತೋಡಿ ನಾಲ್ಕೈದು ಮೊಟ್ಟೆಗಳನ್ನಿಟ್ಟಾಗ ಮನೆಯವರು ಬೆರಗಾಗುತ್ತಾರೆ. ಇದರಲ್ಲಿ ಪವಾಡವೇನೂ ಇಲ್ಲ. ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ವೀರ್ಯವನ್ನು ದೇಹದಲ್ಲಿ ಕಾಪಿಟ್ಟುಕೊಂಡು ನಾಲ್ಕು ವರ್ಷಗಳ ಬಳಿಕವೂ ಫಲಿತ ಮೊಟ್ಟೆಗಳನ್ನಿಡಬಲ್ಲುದು. ಗಂಡನ್ನು ಕಂಡೇ ಇರದ ಹೆಣ್ಣೂ ಮೊಟ್ಟೆಯಿಡಬಹುದು. ಆದರೆ ಅವು ಮರಿಯಾಗುವುದಿಲ್ಲ.

ಮೊಟ್ಟೆಯಿಟ್ಟ ತಾಯಿ ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಕಾವು ಕೊಡುವುದು ನೆಲದ ಬಿಸಿ. ಆದುದರಿಂದ ಅಲ್ಲಿನ ಅನುಭವಿಗಳು ಮೊಟ್ಟೆಯನ್ನು ಕದಲಿಸುವ ಮೊದಲು ಅದರ ನೆತ್ತಿಯ ಮೇಲೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕುತ್ತಾರೆ. ಆ ಗುರುತು ಕೊನೆಯವರೆಗೂ ಮೇಲ್ಮುಖವಾಗಿಯೇ ಇರಬೇಕು. ಗಿಡ ಬೆಳೆಸುವವರು ಬಳಸುವ ವರ್ಮಿಕ್ಯುಲೈಟ್ ಎಂಬ ಹಗುರವಾದ ಖನಿಜವನ್ನು ಅದರ ತೂಕದಷ್ಟೇ ನೀರಿನಲ್ಲಿ ನೆನೆಸಿ, ಡಬ್ಬಿಯಲ್ಲಿ ಹರಡಿ, ಅದರಲ್ಲಿ ಮೊಟ್ಟೆಗಳನ್ನು ಅರ್ಧದಷ್ಟು ಹುಗಿಯುತ್ತಾರೆ. ತೇವ ಕಡಿಮೆಯಾದರೆ ಮೆದುವಾದ ಚಿಪ್ಪು ಕುಗ್ಗುತ್ತದೆ. ನೀರು ನಿಂತರೆ ಭ್ರೂಣಕ್ಕೆ ಉಸಿರು ಕಟ್ಟುತ್ತದೆ. ಉಷ್ಣತೆಯನ್ನು 26ರಿಂದ 29 ಡಿಗ್ರಿ ಸೆಲ್ಸಿಯಸ್ ನಡುವೆ ಇರಿಸಿಕೊಂಡರೆ ಎರಡರಿಂದ ಮೂರು ತಿಂಗಳಲ್ಲಿ ಮರಿಗಳು ಹೊರಬರುತ್ತವೆ. ಈ ಜಾತಿಯಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದೂ ಕಾವಿನ ಬಿಸಿಯೇ. ತಂಪಾಗಿದ್ದರೆ ಹೆಚ್ಚಾಗಿ ಗಂಡು, ಬಿಸಿಯೇರಿದರೆ ಹೆಣ್ಣು.

ಮರಿಯು ಮೂತಿಯ ತುದಿಯ ಚಿಕ್ಕ ಮೊನೆಯಿಂದ ಚಿಪ್ಪನ್ನು ಸೀಳಿದ ಮೇಲೂ ಒಂದೆರಡು ದಿನ ಒಳಗೇ ಉಳಿಯಬಹುದು. ಅದರ ಹೊಟ್ಟೆಗೆ ಹಳದಿಯ ಚೀಲ ಅಂಟಿಕೊಂಡಿರುತ್ತದೆ. ಆ ಬುತ್ತಿ ದೇಹದೊಳಗೆ ಸೇರುವ ಮೊದಲೇ ಮರಿಯನ್ನು ಹೊರಗೆಳೆದರೆ ಚೀಲ ಹರಿದು ಅದು ಸಾಯಬಹುದು. ಇಲ್ಲಿಯೂ ತಾಳ್ಮೆಯೇ ಆರೈಕೆ. ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯುವುದು ಅಗತ್ಯ. ಆಮೆಗಳ ಮೈಯಲ್ಲಿರುವ ಸಾಲ್ಮೊನೆಲ್ಲಾ ಎಂಬ ರೋಗಾಣು ಮಕ್ಕಳಿಗೆ ತಗಲುತ್ತದೆಂಬ ಕಾರಣದಿಂದಲೇ ಅಮೆರಿಕವು 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು.

ಬಾಕ್ಸ್ ಆಮೆಯ ಕುಟುಂಬಕ್ಕೇ ಸೇರಿದ, ಕೆನ್ನೆಯಲ್ಲಿ ಕೆಂಪು ಪಟ್ಟೆಯಿರುವ 'ಸ್ಲೈಡರ್' ಆಮೆ ನಮ್ಮ ಊರುಗಳ ಅಕ್ವೇರಿಯಂಗಳಿಗೂ ಬಂದಿದೆ. ಒಂಟಿ ಸ್ಲೈಡರ್ ಕೂಡ ತೊಟ್ಟಿಯಲ್ಲೇ ಮೊಟ್ಟೆಯಿಡುವುದುಂಟು. ಆದರೆ ಅದನ್ನಾಗಲಿ ಅದರ ಮರಿಗಳನ್ನಾಗಲಿ ಕೆರೆಗೋ ತೋಡಿಗೋ ಬಿಡುವುದು ದಯೆಯಲ್ಲ. ಅವು ಬಹುಬೇಗ ಹೆಚ್ಚಿ, ನಮ್ಮ ನೆಲದ ಆಮೆಗಳ ಆಹಾರಕ್ಕೂ ಜಾಗಕ್ಕೂ ಪೈಪೋಟಿ ಒಡ್ಡುತ್ತವೆ.

ಆ ನಮ್ಮ ನೆಲದ ಆಮೆಗಳಲ್ಲಿ ಅತಿ ವಿಶಿಷ್ಟವಾದುದು ಚಂದ್ರಗಿರಿ ಹೊಳೆಯಲ್ಲಿದೆ. ಮಲಯಾಳದಲ್ಲಿ 'ಪಾಲಪೂವನ್' ಎನಿಸಿದ ಈ ದೈತ್ಯ ಮೃದುಚಿಪ್ಪಿನ ಆಮೆ ಮರಳಿನಲ್ಲಿ ಹುದುಗಿ, ಕಣ್ಣು ಮೂಗುಗಳನ್ನಷ್ಟೇ ಹೊರಗಿಟ್ಟು ಬಹುಕಾಲ ಕಳೆಯುತ್ತದೆ. ಜಗತ್ತಿನಲ್ಲಿಯೇ ವಿರಳವಾದ ಇದನ್ನು 2023ರಲ್ಲಿ ಕಾಸರಗೋಡು ಜಿಲ್ಲೆಯ ಅಧಿಕೃತ ಜೀವಿಯೆಂದು ಘೋಷಿಸಲಾಯಿತು. ಆಯುಷಿ ಜೈನ್ ಮತ್ತು ಸಂಗಡಿಗರು ಹೊಳೆಬದಿಯ ಜನರ ನೆರವಿನಿಂದ ಇದರ ಗೂಡುಗಳನ್ನು ಪತ್ತೆಹಚ್ಚಿದರು. ನೀರೇರಿ ಮುಳುಗಿದ ಗೂಡುಗಳ ಮೊಟ್ಟೆಗಳನ್ನು ಉಳಿಸಿ, ಮರಿಗಳನ್ನು ಮತ್ತೆ ಹೊಳೆಗೆ ಬಿಟ್ಟರು. ಆ ಅಧ್ಯಯನ 2024ರಲ್ಲಿ 'ಓರಿಕ್ಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಜ್ಞಾನಿಗಳಿಗೆ ದಾರಿ ತೋರಿದವರು ದಿನವೂ ಹೊಳೆಗಿಳಿಯುವ ಸಾಮಾನ್ಯ ಜನರೆಂಬುದು ನೆನಪಿಡತಕ್ಕ ಮಾತು.

ಇದನ್ನು ಓದಿ ಮಕ್ಕಳು ಪೆನ್ಸಿಲು ಹಿಡಿದು ಹೊಳೆಬದಿಗೆ ಹೊರಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡು ಸರೀಸೃಪಗಳ ಮೊಟ್ಟೆಗಳಿಗೆ ಹಾನಿಮಾಡುವುದು ಮಾತ್ರವಲ್ಲ, ಅವುಗಳನ್ನು ಅಥವಾ ಗೂಡನ್ನು ಕದಡುವುದೂ ಬೇಟೆಯೆಂದೇ ಎಣಿಕೆಯಾಗುತ್ತದೆ. ಮರಳಿನಲ್ಲಿ ಬಿಳಿಯ ಮೊಟ್ಟೆ ಕಂಡರೆ ಮುಟ್ಟದೆ, ನಾಯಿಗಳು ಸುಳಿಯದಂತೆ ದೂರದಿಂದ ನೋಡಿಕೊಂಡು, ಹಿರಿಯರ ಮೂಲಕ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿದರೆ ಸಾಕು. ಗೂಡು ಮುಳುಗುವ ಸ್ಥಿತಿಯಿದ್ದರೆ ಮೊಟ್ಟೆಗಳನ್ನು ಮಗುಚದೆ ಸಾಗಿಸುವ ಕ್ರಮವನ್ನು ಬಲ್ಲವರು ಬರುತ್ತಾರೆ. ಅವರು ಬರುವ ತನಕ ಆ ಜಾಗವನ್ನು ತುಳಿಯದೆ ಕಾಯುವ ಕೆಲಸ ಶಾಲೆಗೆ ಹೋಗುವ ಮಕ್ಕಳಿಂದಲೂ ಆಗತಕ್ಕದ್ದೇ.