ಹಣೆಯ ಚರ್ಮದ ಮೂಗು

ಪ್ರಶ್ನೆ: ಮೂಗು ಕಳೆದುಕೊಂಡವರಿಗೆ ಹೊಸದನ್ನು ಕಟ್ಟಬಹುದೇ? ಇದು ಈಚಿನ ವಿದ್ಯೆಯೇ?
– ಓದುಗರೊಬ್ಬರು, ತರೀಕೆರೆ

ಉತ್ತರ: ಕಟ್ಟಬಹುದು. ವಿದ್ಯೆ ಮಾತ್ರ ಬಹಳ ಹಳೆಯದು. ಅದು ಲಂಡನ್ನಿಗೆ ತಲುಪಿದ್ದರ ಹಿಂದೆ ಮೈಸೂರಿನ ಯುದ್ಧವೊಂದಿದೆ.

ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ವರ್ಷದ ನಂತರ ಪುಣೆಯ ಬಳಿ, ಇಟ್ಟಿಗೆ ಮಾಡುವ ಸಮುದಾಯದ ಕುಶಲಿಯೊಬ್ಬ ಅವನಿಗೆ ಹೊಸ ಮೂಗು ಕಟ್ಟಿದ. ಆ ಕುಶಲಿಯ ಹೆಸರನ್ನು ಯಾರೂ ಬರೆದಿಡಲಿಲ್ಲ ಎಂಬುದೇ ಬೇಸರ!

ಅವನ ಕ್ರಮ ಹೀಗಿತ್ತು: ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆ ಎಳೆಯುವುದು. ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ತೊಟ್ಟಿನಂತೆ ಉಳಿಸಿ, ಕೆಳಕ್ಕೆ ತಿರುಗಿಸಿ ಕೂರಿಸುವುದು. ರಕ್ತ ಹರಿಯುವುದು ಆ ತೊಟ್ಟಿನಿಂದಲೇ. ಚರ್ಮ ಬೆಸೆದುಕೊಂಡ ಮೇಲೆ ತೊಟ್ಟನ್ನು ಕತ್ತರಿಸುವುದು.

1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಇದನ್ನು ಚಿತ್ರಸಹಿತ ಪ್ರಕಟಿಸಿತು. ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ರೋಗಿಯೊಬ್ಬನಿಗೆ ಮಾಡಿ ಗೆದ್ದ. ಸುಶ್ರುತ ಸಂಹಿತೆಯಲ್ಲೂ ಮೂಗು ಕಟ್ಟುವ ವಿವರವಿದೆ. ಅಲ್ಲಿ ಚರ್ಮ ಕೆನ್ನೆಯದು.

ಅಪಘಾತ, ಕ್ಯಾನ್ಸರ್‌ಗಳಲ್ಲಿ ಮೂಗು ಹಾಳಾದವರಿಗೆ ಪ್ಲಾಸ್ಟಿಕ್ ಸರ್ಜನ್ನರು ಇಂದಿಗೂ ಹಣೆಯ ಚರ್ಮವನ್ನೇ ಬಳಸುತ್ತಾರೆ. ಒಳಗಿನ ಆಧಾರಕ್ಕೆ ಕಿವಿಯ ಅಥವಾ ಪಕ್ಕೆಲುಬಿನ ಮೃದ್ವಸ್ಥಿ ಸೇರಿಸುತ್ತಾರೆ. ಬರೀ ಅಂದಕ್ಕಾಗಿ ಮೂಗು ತಿದ್ದಿಸುವುದಾದರೆ ಮುಖದ ಬೆಳವಣಿಗೆ ಮುಗಿಯುವವರೆಗೆ ಕಾಯಬೇಕು. ಊತ ಪೂರ್ತಿ ಇಳಿಯಲು ವರ್ಷವೇ ಹಿಡಿಯಬಹುದು.